ಆರಡಿ ಮೂರಡಿ ನೆಲಕ್ಕೆ ಗ್ರಾನೈಟ್ ಬೀಗ ಯಾಕೆ?

ಮಾನ್ಯ ಸಂಪಾದಕರಿಗೆ,

ವಂದನೆಗಳು. ನವೆಂಬರ್ 2 ಹತ್ತಿರ ಬರುತ್ತಿದೆ. ಅಂದು ಕಥೋಲಿಕ ಕ್ರೈಸ್ತರಿಗೆ ಮೃತರ ಸ್ಮರಣೆಯ ದಿನ. ಅದಕ್ಕೆ ವಾರ ಮೊದಲೇ ಸ್ಮಶಾನಗಳಲ್ಲಿ ಕಳೆ ಕೀಳುವ, ಗೋರಿಗೆ ಸುಣ್ಣ ಬಳಿಯುವ, ಗ್ರಾನೈಟ್ ಉಜ್ಜುವ ಕೆಲಸ ಶುರುವಾಗುತ್ತದೆ. ಬೆಂಗಳೂರಿನ ಹೊಸೂರು ರಸ್ತೆ, ಕಲ್ಪಳ್ಳಿ ಸ್ಮಶಾನಗಳಲ್ಲಿ ಇನ್ನು ಜಾಗವಿಲ್ಲ, ಸರಕಾರ ಬೇರೆ ಜಮೀನು ಕೊಡಬೇಕು ಎಂಬ ಸುದ್ದಿ ಪತ್ರಿಕೆಗಳಲ್ಲಿ ಆಗಾಗ ಬರುತ್ತದೆ. ಬೇಡಿಕೆ ನ್ಯಾಯವಾದದ್ದೇ. ಆದರೆ ಇರುವ ನೆಲವನ್ನು ನಾವು ಹೇಗೆ ಬಳಸುತ್ತಿದ್ದೇವೆ ಎಂಬುದನ್ನು ಕ್ರೈಸ್ತರಾದ ನಾವೇ ಮೊದಲು ಕೇಳಿಕೊಳ್ಳಬೇಕು. ಪಾಲಿಶ್ ಮಾಡಿದ ಪೆಟ್ಟಿಗೆ, ಒಳಗೆ ಪ್ಲಾಸ್ಟಿಕ್, ಸುತ್ತ ಸಿಮೆಂಟು, ಮೇಲೆ ಗ್ರಾನೈಟ್: ಹೀಗೆ ಹೂಳುವುದನ್ನು ಬಿಟ್ಟು, ಹತ್ತಿ ಬಟ್ಟೆಯಲ್ಲಿ ಸುತ್ತಿ ಬರಿಯ ಮಣ್ಣಿಗೆ ಒಪ್ಪಿಸುವ ಕ್ರಮಕ್ಕೆ ನಮ್ಮ ಚರ್ಚುಗಳು ಮರಳಬೇಕು ಎಂಬುದನ್ನು ವಿವರವಾಗಿ ಹೇಳಲು ಈ ಪತ್ರ.

ಹೂಳಲು ನೆಲವಿಲ್ಲದಿರುವುದು ಎಂಥ ಸಂಕಟ ಎಂಬುದನ್ನು 2025ರ ಜನವರಿಯಲ್ಲಿ ದೇಶವೇ ನೋಡಿತು. ಛತ್ತೀಸ್‌ಗಢದ ಬಸ್ತರ್‌ನ ಹಳ್ಳಿಯೊಂದರಲ್ಲಿ ಪಾಸ್ಟರ್ ಒಬ್ಬರು ಜನವರಿ 7ರಂದು ತೀರಿಕೊಂಡರು. ಊರ ಸ್ಮಶಾನದಲ್ಲಾಗಲಿ, ಕುಟುಂಬದ ಸ್ವಂತ ಹೊಲದಲ್ಲಾಗಲಿ ಹೂಳಲು ಊರವರು ಬಿಡಲಿಲ್ಲ. ಮಗ ಹೈಕೋರ್ಟಿಗೆ ಹೋದರು, ಅಲ್ಲಿಂದ ಸುಪ್ರೀಂ ಕೋರ್ಟಿಗೆ. ಅಷ್ಟೂ ದಿನ ದೇಹ ಶವಾಗಾರದಲ್ಲೇ ಇತ್ತು. ಜನವರಿ 27ರಂದು ಪೀಠ ಭಿನ್ನ ತೀರ್ಪು ಕೊಟ್ಟಿತು. ನಮ್ಮ ರಾಜ್ಯದವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರು ಕುಟುಂಬದ ಜಮೀನಿನಲ್ಲೇ ಹೂಳಬಹುದು ಎಂದರು. ನ್ಯಾಯಮೂರ್ತಿ ಸತೀಶ್ ಚಂದ್ರ ಶರ್ಮ ಅವರು ಕ್ರೈಸ್ತರಿಗೆಂದು ಗೊತ್ತುಮಾಡಿದ ಜಾಗದಲ್ಲಿಯೇ ಆಗಬೇಕು ಎಂದರು. ದೇಹ ಇನ್ನೂ ಕಾಯುವಂತಾಗಬಾರದೆಂದು, ಸುಪ್ರೀಂ ಕೋರ್ಟಿಗೆ ವಿಶೇಷ ಅಧಿಕಾರ ಕೊಡುವ ಸಂವಿಧಾನದ 142ನೇ ವಿಧಿಯಡಿ ಇಬ್ಬರೂ ಸೇರಿ, ಊರಿನಿಂದ ಸುಮಾರು ಇಪ್ಪತ್ತು ಕಿಲೋಮೀಟರ್ ಆಚೆಯ ಕರ್ಕಾಪಾಲ್‌ನ ಕ್ರೈಸ್ತ ಸ್ಮಶಾನದಲ್ಲಿ ಹೂಳಲು ಆದೇಶಿಸಿದರು.

ಈ ಸುದ್ದಿ ಓದಿದ ಯಾವ ಕ್ರೈಸ್ತನಿಗೂ ಬೈಬಲಿನ ಅಬ್ರಹಾಮ ನೆನಪಾಗದಿರಲಾರ. ಹೆಂಡತಿ ಸಾರಾ ತೀರಿಕೊಂಡಾಗ ಅವನು ಆ ನಾಡಿನ ಹಿತ್ತಿಯರ ಮುಂದೆ ನಿಂತು, ನಾನು ನಿಮ್ಮ ನಡುವೆ ಪರದೇಶಿ, ಹೂಳಲು ಒಂದು ಜಾಗ ಕೊಡಿ ಎಂದು ಬಾಗಿ ಕೇಳುತ್ತಾನೆ. 400 ಶೆಕೆಲ್ ಬೆಳ್ಳಿ ತೂಗಿಕೊಟ್ಟು ಮಕ್ಪೇಲದ ಗವಿ ಇರುವ ಹೊಲವನ್ನು ಕೊಳ್ಳುತ್ತಾನೆ. ವಾಗ್ದಾನದ ದೇಶದಲ್ಲಿ ಅವನು ಕ್ರಯಕ್ಕೆ ಪಡೆದದ್ದು ಈ ಸಮಾಧಿಯ ಜಾಗವೊಂದನ್ನೇ. ಯೇಸುಸ್ವಾಮಿಗಂತೂ ಅದೂ ಇರಲಿಲ್ಲ. ಅರಿಮಥಾಯದ ಜೋಸೆಫ ತನಗಾಗಿ ಕೊರೆಸಿಕೊಂಡಿದ್ದ ಗವಿಯಲ್ಲಿ, ನಾರುಮಡಿಯಲ್ಲಿ ಸುತ್ತಿ ಅವರನ್ನು ಇಟ್ಟರು. ಆ ವೃತ್ತಾಂತದಲ್ಲಿ ಪೆಟ್ಟಿಗೆಯ ಪ್ರಸ್ತಾಪ ಎಲ್ಲೂ ಇಲ್ಲ. ರೋಮಿನ ನೆಲದಡಿಯ ಸಮಾಧಿ ಸುರಂಗಗಳಾದ ಕ್ಯಾಟಕೊಂಬುಗಳಲ್ಲೂ ಮೊದಲ ಶತಮಾನಗಳ ವಿಶ್ವಾಸಿಗಳಲ್ಲಿ ಹೆಚ್ಚಿನವರನ್ನು ಬಟ್ಟೆಯಲ್ಲಿ ಸುತ್ತಿ, ಗೋಡೆಯಲ್ಲಿ ಕೊರೆದ ಗೂಡಿನಲ್ಲಿ ಮಲಗಿಸಿ, ಹೆಂಚಿನಿಂದಲೋ ಕಲ್ಲಿನಿಂದಲೋ ಮುಚ್ಚುತ್ತಿದ್ದರು. ಸಂತ ಅಗಸ್ಟೀನರ ತಾಯಿ ಸಂತ ಮೋನಿಕಾ 387ರಲ್ಲಿ ರೋಮಿನ ಬಳಿಯ ಓಸ್ತಿಯಾದಲ್ಲಿ ಸಾಯುವಾಗ, ಈ ದೇಹವನ್ನು ಎಲ್ಲಿ ಬೇಕಾದರೂ ಇಡಿ, ಬಲಿಪೀಠದ ಬಳಿ ನನ್ನನ್ನು ನೆನೆಯಿರಿ, ಅಷ್ಟು ಸಾಕು ಎಂದು ಮಕ್ಕಳಿಗೆ ಹೇಳಿದರು. ಒಬ್ಬೊಬ್ಬರಿಗೂ ಪೆಟ್ಟಿಗೆ, ಒಂದೊಂದು ಕುಟುಂಬಕ್ಕೂ ಕಲ್ಲಿನ ಗೋರಿ ಎಂಬುದು ಆಮೇಲೆ ಬಂದ ಪದ್ಧತಿ. ಇಂಗ್ಲೆಂಡಿನ ಎಷ್ಟೋ ಹಳ್ಳಿ ಚರ್ಚುಗಳಲ್ಲಿ ನಾಲ್ಕು ನೂರು ವರ್ಷಗಳ ಹಿಂದೆ ಇದ್ದದ್ದು ಊರಿಗೆಲ್ಲ ಒಂದೇ ಪೆಟ್ಟಿಗೆ. ದೇಹವನ್ನು ಅದರಲ್ಲಿ ಗುಂಡಿಯವರೆಗೆ ತಂದು, ಬಟ್ಟೆಯಲ್ಲೇ ಇಳಿಸಿ, ಪೆಟ್ಟಿಗೆಯನ್ನು ಮತ್ತೆ ಚರ್ಚಿಗೆ ಒಯ್ಯುತ್ತಿದ್ದರು. ನಮ್ಮ ಸುತ್ತಲಿನ ಮುಸ್ಲಿಮರು, ಲಿಂಗಾಯತರು ಇಂದಿಗೂ ಪೆಟ್ಟಿಗೆಯಿಲ್ಲದೆಯೇ ತಮ್ಮವರನ್ನು ಅತ್ಯಂತ ಗೌರವದಿಂದ ಮಣ್ಣು ಮಾಡುತ್ತಾರೆ.

ನೆಲದ ಲೆಕ್ಕ ಹಾಕಿ ನೋಡೋಣ. ಒಂದು ಗುಂಡಿಗೆ ಏಳಡಿ ಉದ್ದ, ಮೂರಡಿ ಅಗಲ. ಸುತ್ತ ಓಡಾಡಲು ಬಿಡುವ ಜಾಗ ಸೇರಿಸಿದರೆ ಎಂಟೂವರೆಗೆ ನಾಲ್ಕೂವರೆ ಅಡಿ, ಅಂದರೆ ಸುಮಾರು 38 ಚದರಡಿ. ಒಂದು ಎಕರೆಯಲ್ಲಿ ದಾರಿ, ಪ್ರಾರ್ಥನೆಯ ಚಪ್ಪರ, ಮರಗಳು, ಕಾಂಪೌಂಡು ಕಳೆದು ನೂರಕ್ಕೆ ಅರವತ್ತರಷ್ಟು ಗುಂಡಿಗಳಿಗೆ ಸಿಕ್ಕೀತು. ಅದು 26,000 ಚದರಡಿ, ಹೆಚ್ಚೆಂದರೆ 680 ಗುಂಡಿ. ವರ್ಷಕ್ಕೆ 40 ಸಾವು ಆಗುವ ಚರ್ಚಿನಲ್ಲಿ ಪ್ರತಿಯೊಂದನ್ನೂ ಶಾಶ್ವತ ಗೋರಿ ಮಾಡಿದರೆ ಹದಿನೇಳು ವರ್ಷಕ್ಕೆ ಎಕರೆ ಭರ್ತಿ. ಅದೇ ಚರ್ಚು ಏಳು ವರ್ಷಕ್ಕೊಮ್ಮೆ ಗುಂಡಿಯನ್ನು ಮರುಬಳಸಿದರೆ ಬೇಕಾಗುವುದು 280 ಗುಂಡಿ ಮಾತ್ರ. ದಾರಿ ಗೀರಿ ಎಲ್ಲ ಸೇರಿ ಹದಿನಾರು, ಹದಿನೇಳು ಗುಂಟೆ. ಸಾವಿನ ಸಂಖ್ಯೆ ಹೆಚ್ಚದಿದ್ದರೆ ಆ ಹದಿನೇಳು ಗುಂಟೆ ಎಂದೂ ತುಂಬುವುದಿಲ್ಲ.

ಮರುಬಳಕೆಯ ನಿಯಮ ಈಗಾಗಲೇ ಇರುವ ಕಡೆಗಳಲ್ಲೂ ಅದು ಸೋಲುವುದುಂಟು. ಅವಧಿ ಮುಗಿದು ಅಗೆದಾಗ ದೇಹ ಇನ್ನೂ ಕರಗಿರುವುದಿಲ್ಲ. ಅಗೆಯುವವರಿಗೂ ಮನೆಯವರಿಗೂ ಅದು ಭಯಂಕರ ನೋವು. ಮತ್ತೆ ಮುಚ್ಚಿ ಇನ್ನೆರಡು ವರ್ಷ ಬಿಡಬೇಕಾಗುತ್ತದೆ. ಮಣ್ಣು ಕೆಟ್ಟದ್ದು ಎಂದು ಜನ ಹೇಳುತ್ತಾರೆ. ಬಹುಪಾಲು ಕಡೆ ದೋಷ ಮಣ್ಣಿನದಲ್ಲ, ನಾವು ದೇಹದ ಜೊತೆ ಇಳಿಸಿದ ವಸ್ತುಗಳದ್ದು.

ದೇಹ ಕರಗಲು ಗಾಳಿ, ಹದವಾದ ತೇವ, ಮಣ್ಣಿನ ಸೂಕ್ಷ್ಮಜೀವಿಗಳು, ಈ ಮೂರೂ ಬೇಕು. ಪೆಟ್ಟಿಗೆ ಅಂಗಡಿಯಿಂದ ತರುವ ಪೆಟ್ಟಿಗೆ ಸಾಮಾನ್ಯವಾಗಿ ಪ್ಲೈವುಡ್‌ನದು. ಮೇಲೆ ಸನ್‌ಮೈಕಾ ಅಥವಾ ಮೆಲಮೈನ್ ಪಾಲಿಶ್, ಒಳಗೆ ಸ್ಪಂಜು, ಅದರ ಮೇಲೆ ಪಾಲಿಯೆಸ್ಟರ್ ಸ್ಯಾಟಿನ್, ಸೋರದಿರಲೆಂದು ಪ್ಲಾಸ್ಟಿಕ್ ಹಾಳೆ. ಮೇಲಿನ ಪಾಲಿಶ್ ಮರವನ್ನು ಕೊಳೆಯಲು ಬಿಡುವುದಿಲ್ಲ. ಕೆಳಗಿನ ಪ್ಲಾಸ್ಟಿಕ್ ದೇಹದಿಂದ ಇಳಿದ ನೀರನ್ನು ಹಾಗೇ ಹಿಡಿದಿಡುತ್ತದೆ. ಗಾಳಿಯಿಲ್ಲದೆ ನೀರಲ್ಲಿ ನಿಂತ ದೇಹದ ಕೊಬ್ಬು ಸಾಬೂನಿನಂಥ ಬಿಳಿಚು ಮೇಣವಾಗಿ ಮಾರ್ಪಡುತ್ತದೆ. ಒಮ್ಮೆ ಹಾಗಾಯಿತೆಂದರೆ ಅದು ಹತ್ತಾರು ವರ್ಷ ಉಳಿಯಬಲ್ಲದು. ಸುತ್ತಲೂ ಸಿಮೆಂಟಿನ ತೊಟ್ಟಿ ಕಟ್ಟಿದ್ದರೆ ಪರಿಸ್ಥಿತಿ ಇನ್ನೂ ಕೆಟ್ಟದ್ದು: ಮಳೆನೀರು ಬಿರುಕಿನಿಂದ ಒಳಗೆ ಹೋಗುತ್ತದೆ, ಹೊರಗೆ ಹೋಗಲು ದಾರಿಯಿಲ್ಲ. ದೇಹ ಕೆಡದಿರಲೆಂದು ಫಾರ್ಮಾಲಿನ್ ಎಂಬ ರಾಸಾಯನಿಕ ಚುಚ್ಚಿದ್ದರೆ ಅದು ಮಾಂಸದ ಪ್ರೋಟೀನನ್ನು ಗಟ್ಟಿ ಮಾಡಿ ಸೂಕ್ಷ್ಮಜೀವಿಗಳನ್ನು ದೂರವಿಡುತ್ತದೆ. ಇದೆಲ್ಲವನ್ನೂ ಮಾಡಿ ಮೇಲೆ ಸುಣ್ಣ ಸುರಿದರೆ ಬೇಗ ಕರಗುತ್ತದೆ ಎಂಬ ನಂಬಿಕೆಯೂ ತಪ್ಪು. ಸುಣ್ಣ ವಾಸನೆಯನ್ನು ತಡೆದೀತು, ಕರಗುವುದನ್ನು ಮಾತ್ರ ನಿಧಾನ ಮಾಡುತ್ತದೆ. ಉಪ್ಪಿನ ಗುಣವೂ ಕೆಡದಂತೆ ಇಡುವುದೇ.

ಹತ್ತಿ ಬಟ್ಟೆ ಸುತ್ತಿ, ನೀರು ನಿಲ್ಲದ ಮಣ್ಣಿನಲ್ಲಿ ಹೂಳಿದ ದೇಹ ನಮ್ಮ ಹವೆಯಲ್ಲಿ ಸಾಮಾನ್ಯವಾಗಿ ಮೂರರಿಂದ ಐದು ವರ್ಷಕ್ಕೆ ಮೂಳೆಯಷ್ಟೇ ಆಗಿರುತ್ತದೆ. ಏಳು ವರ್ಷದ ಲೆಕ್ಕ ಹಿಡಿದದ್ದು ಒಂದಿಷ್ಟು ಕಾಲ ಕೈಯಲ್ಲಿರಲಿ ಎಂದು.

ಇನ್ನು ಮಾಡುವ ಬಗೆ. ಜೀವ ಹೋದ ಮೊದಲ ಎರಡು ಗಂಟೆ ಮುಖ್ಯ, ಆಮೇಲೆ ಕೈಕಾಲು ಸೆಟೆಯಲು ಶುರುವಾಗುತ್ತದೆ. ಕಣ್ಣು ಮುಚ್ಚಿ ಮೇಲೆ ಒದ್ದೆ ಹತ್ತಿ ಇಡಬೇಕು. ಗದ್ದ ಬೀಳದಂತೆ ಬಟ್ಟೆಯ ಪಟ್ಟಿಯನ್ನು ತಲೆಯ ಮೇಲಿಂದ ಕಟ್ಟಬೇಕು. ಕೈಗಳನ್ನು ಎದೆಯ ಮೇಲೆ ಜೋಡಿಸಬೇಕು, ಕಾಲ ಹೆಬ್ಬೆರಳುಗಳನ್ನು ಸಡಿಲವಾಗಿ ಕಟ್ಟಬೇಕು. ಆಸ್ಪತ್ರೆಯ ನಳಿಕೆ, ಪ್ಲಾಸ್ಟರು, ಸೂಜಿ ಎಲ್ಲವನ್ನೂ ನರ್ಸ್ ಕೈಯಲ್ಲೇ ತೆಗೆಸಿ. ಉಗುರುಬೆಚ್ಚಗಿನ ನೀರಿನಲ್ಲಿ ಒರೆಸಿ, ಚೆನ್ನಾಗಿ ಒಣಗಿಸಿ. ಸ್ರಾವ ಇರುವಲ್ಲಿ ಪ್ಲಾಸ್ಟಿಕ್ ಡಯಾಪರ್ ಬದಲು ಹತ್ತಿ ಮತ್ತು ಮಡಿಸಿದ ಹಳೆಯ ಪಂಚೆಯನ್ನು ದಪ್ಪವಾಗಿ ಇಡಿ. ಬಟ್ಟೆ ತೊಡಿಸುವುದಾದರೆ ಹತ್ತಿಯದೇ ಆಗಲಿ. ಮದುವೆಯ ಸೀರೆಯೇ ಬೇಕೆಂದು ಮನೆಯವರು ಆಸೆಪಟ್ಟರೆ, ಅದು ಅಪ್ಪಟ ರೇಷ್ಮೆಯಾಗಿದ್ದರೆ ಅಡ್ಡಿಯಿಲ್ಲ, ನಿಧಾನವಾಗಿಯಾದರೂ ಕರಗುತ್ತದೆ. ಪಾಲಿಯೆಸ್ಟರ್ ಸೀರೆ, ಸೂಟು, ಚರ್ಮದ ಬೆಲ್ಟು, ಬೂಟು ಬೇಡ. ಜಪಮಾಲೆ ಮರದ ಮಣಿಯದಾಗಿರಲಿ, ದಾರ ನೈಲಾನ್ ಆಗದಿರಲಿ.

ಸುತ್ತುವ ಬಟ್ಟೆ ಬಿಳುಪು ಮಾಡದ ಖಾದಿ ಅಥವಾ ಗಟ್ಟಿ ಹತ್ತಿ. ಐದೂವರೆ ಅಡಿ ಎತ್ತರದವರಿಗೆ ಎರಡು ಮುಕ್ಕಾಲು ಮೀಟರ್ ಉದ್ದದ ಎರಡು ತುಂಡು, ಅಂದರೆ 45 ಇಂಚು ಪನ್ನದ ಬಟ್ಟೆ ಐದೂವರೆ ಮೀಟರ್. ಎರಡರ ಉದ್ದನೆಯ ಅಂಚುಗಳನ್ನು ಜೋಡಿಸಿ ಹೊಲಿದರೆ ಒಂದು ದೊಡ್ಡ ಹೊದಿಕೆಯಾಗುತ್ತದೆ. ಕಟ್ಟಲು ಎರಡಿಂಚು ಅಗಲದ ಐದು ಪಟ್ಟಿಗಳು, ನಾಲ್ಕು ಒಂದೂವರೆ ಮೀಟರಿನವು, ಒಂದು ಗಿಡ್ಡ. ಮಂಚದ ಮೇಲೆ ಮೊದಲು ಪಟ್ಟಿಗಳನ್ನು ಅಡ್ಡ ಹಾಸಿ, ಅದರ ಮೇಲೆ ಹೊದಿಕೆ ಹಾಸಿ, ದೇಹ ಮಲಗಿಸಿ, ಎಡಮಗ್ಗುಲು ಮೊದಲು, ಬಲಮಗ್ಗುಲು ಮೇಲೆ ಬರುವಂತೆ ಮಡಿಸಿ. ಪಾದದ ಕಡೆ, ಮೊಣಕಾಲು, ಸೊಂಟ, ಎದೆ, ಈ ನಾಲ್ಕು ಕಡೆ ಜಾರುಗಂಟು ಹಾಕಿ. ತಲೆಯ ಕಡೆಯ ಗಿಡ್ಡ ಪಟ್ಟಿಯನ್ನು ಕಟ್ಟದೆ ಬಿಟ್ಟರೆ ಕೊನೆಯವರೆಗೂ ಮುಖ ನೋಡಬಹುದು. ಗುಂಡಿಯ ಬಳಿ ಅದನ್ನು ಕಟ್ಟಿದರೆ ಸಾಕು. ಫ್ರೀಜರ್ ಪೆಟ್ಟಿಗೆಯಲ್ಲಿ ಇಟ್ಟಿದ್ದರೆ ಅರ್ಧ ಗಂಟೆ ಮೊದಲೇ ಹೊರತೆಗೆದು ಬೆವರಿದ ನೀರು ಒರೆಸಿದ ಮೇಲೆಯೇ ಬಟ್ಟೆ ಸುತ್ತಬೇಕು. ಅವಸರದಲ್ಲಿ ಈ ಒಂದನ್ನು ಮರೆತರೆ ಬಟ್ಟೆ ಒದ್ದೆಯಾಗಿ ಅಂಟಿಕೊಳ್ಳುತ್ತದೆ, ಜನರ ಮುಂದೆ ನೋಡಲು ಕಷ್ಟವಾಗುತ್ತದೆ.

ಬಟ್ಟೆಯಲ್ಲಿ ಸುತ್ತಿದ ದೇಹವನ್ನು ಬರಿಗೈಯಲ್ಲಿ ಎತ್ತಲು ಹೋಗಬಾರದು, ನಡು ಬಾಗುತ್ತದೆ. ಆರೂವರೆ ಅಡಿ ಉದ್ದ, ಇಪ್ಪತ್ತು ಇಂಚು ಅಗಲದ ಹಲಗೆಯ ಮೇಲೆ ಮಲಗಿಸಬೇಕು. ಕಾಡುಮರದ ಮುಕ್ಕಾಲು ಇಂಚು ಹಲಗೆ ಸಾಕು, ಬಿದಿರಿನ ತಡಿಕೆಯಾದರೆ ಇನ್ನೂ ಒಳ್ಳೆಯದು. ಪ್ರತಿ ಚರ್ಚೂ ಒಂದು ಚಂದದ, ಗಟ್ಟಿಮರದ ಪೆಟ್ಟಿಗೆಯನ್ನು ಶಾಶ್ವತವಾಗಿ ಮಾಡಿಸಿ ಇಟ್ಟುಕೊಳ್ಳಬಹುದು. ಆರೂಮುಕ್ಕಾಲು ಅಡಿ ಉದ್ದ, ಎರಡಡಿ ಅಗಲ, ಹದಿನಾಲ್ಕು ಇಂಚು ಎತ್ತರ, ಬದಿಗೆ ಆರು ಹಿಡಿಕೆ, ಒಳಗೆ ಈ ಸಡಿಲ ಹಲಗೆ. ಮನೆಯಿಂದ ಚರ್ಚಿಗೆ, ಚರ್ಚಿನಿಂದ ಸ್ಮಶಾನಕ್ಕೆ ಮೆರವಣಿಗೆ ಈ ಪೆಟ್ಟಿಗೆಯಲ್ಲಿ. ಕಥೋಲಿಕ ವಿಧಿಯಲ್ಲಿ ಪೆಟ್ಟಿಗೆಗೆ ಹೊದಿಸುವ ಬಿಳಿ ವಸ್ತ್ರ ಜ್ಞಾನಸ್ನಾನದ ದಿನ ತೊಡಿಸಿದ ಬಿಳಿಯ ಉಡುಪನ್ನು ನೆನಪಿಸುತ್ತದೆ. ಅದನ್ನು ಹೊದಿಸಿದ ಮೇಲೆ ಒಳಗಿರುವುದು ಧಣಿಯೋ ಕೂಲಿಯೋ ಎಂದು ಯಾರಿಗೂ ಕಾಣದು. ಗುಂಡಿಯ ಬಳಿ ಮುಚ್ಚಳ ತೆಗೆದು, ಹಲಗೆ ಸಮೇತ ದೇಹವನ್ನು ಎತ್ತಿ ಇಳಿಸಿ, ಪೆಟ್ಟಿಗೆಯನ್ನು ಒರೆಸಿ, ಬಿಸಿಲಿಗೆ ಒಣಗಿಸಿ ಒಳಗಿಡುವುದು. ಇಳಿಸಲು ಆರು ಮೀಟರ್ ಉದ್ದದ ಮೂರು ಅಗಲ ಹತ್ತಿ ಪಟ್ಟಿಗಳು ಬೇಕು: ಭುಜದ ಕೆಳಗೆ, ಸೊಂಟದ ಕೆಳಗೆ, ಮೊಣಕಾಲಿನ ಕೆಳಗೆ. ಗುಂಡಿಯ ಮೇಲೆ ಎರಡು ಗಟ್ಟಿ ಅಡ್ಡಮರ ಇಟ್ಟು ಅದರ ಮೇಲೆ ಹಲಗೆಯನ್ನು ಕೂರಿಸಿ, ಆರು ಜನ ಪಟ್ಟಿ ಬಿಗಿಹಿಡಿದ ಮೇಲೆ ಅಡ್ಡಮರ ಎಳೆಯಬೇಕು. ಒಬ್ಬರು ಮಾತ್ರ ಹೇಳುತ್ತಿರಬೇಕು, ಉಳಿದವರು ಕೇಳಬೇಕು. ಇಬ್ಬರು ಹೇಳತೊಡಗಿದಾಗಲೇ ತಲೆಯ ಕಡೆ ವಾಲುವುದು. ನೈಲಾನ್ ಹಗ್ಗ ಕೈಯಲ್ಲಿ ಜಾರುತ್ತದೆ, ಅದು ಬೇಡ.

ಗುಂಡಿಯ ಆಳ ಆರಡಿಯೇ ಆಗಬೇಕೆಂಬುದು ರೂಢಿ. ಆದರೆ ಸೂಕ್ಷ್ಮಜೀವಿಗಳು ಚುರುಕಾಗಿರುವುದು ಮೇಲಿನ ಮೂರು ನಾಲ್ಕು ಅಡಿ ಮಣ್ಣಿನಲ್ಲಿ. ಸ್ಥಳೀಯ ಸಂಸ್ಥೆಯ ನಿಯಮ ಅಡ್ಡಬರದ ಕಡೆ, ಪೆಟ್ಟಿಗೆಯಿಲ್ಲದ ದೇಹಕ್ಕೆ ನಾಲ್ಕೂವರೆ ಅಡಿ ಸಾಕು. ಮೇಲೆ ಮೂರಡಿ ಮಣ್ಣು ಬಂದರೆ ನಾಯಿ ನರಿಗಳ ಭಯವಿಲ್ಲ. ಅಗೆಯುವಾಗ ಮೇಲಿನ ಒಂದಡಿ ಕಪ್ಪು ಮಣ್ಣನ್ನು ಬೇರೆ ಗುಡ್ಡೆ ಹಾಕಿಟ್ಟು, ಮುಚ್ಚುವಾಗ ಅದನ್ನೇ ಮೊದಲು ದೇಹದ ಸುತ್ತ ಹಾಕಬೇಕು. ಜೀವವಿರುವುದು ಆ ಮಣ್ಣಿನಲ್ಲಿ. ಎರಡು ಮಂಕರಿ ಒಣ ಎಲೆ ತಳಕ್ಕೆ ಹಾಸಿದರೆ ಇನ್ನೂ ಒಳ್ಳೆಯದು. ಕಾಲು ಪೂರ್ವಕ್ಕೆ ಬರುವಂತೆ ಮಲಗಿಸುವ ಹಳೆಯ ಕ್ರಮ, ಉದಯದ ದಿಕ್ಕಿನಿಂದ ಬರುವ ಪ್ರಭುವನ್ನು ಎದುರುನೋಡುವ ಕ್ರಮ, ಹಾಗೇ ಇರಲಿ.

ಮಣ್ಣಿನ ಗುಣ ಊರೂರಿಗೆ ಬೇರೆ. ಕರಾವಳಿಯ ಮುರಕಲ್ಲಿನ ನೆಲದಲ್ಲಿ ನೀರು ಬೇಗ ಇಳಿದುಹೋಗುತ್ತದೆ, ಆದರೆ ಆಷಾಢ ಶ್ರಾವಣದಲ್ಲಿ ಅಂತರ್ಜಲ ಮೇಲೆ ಬಂದು ಗುಂಡಿಯಲ್ಲೇ ಒರತೆ ಏಳುತ್ತದೆ. ಗುಂಡಿಯ ತಳಕ್ಕೂ ಮಳೆಗಾಲದ ನೀರಿನ ಮಟ್ಟಕ್ಕೂ ಕನಿಷ್ಠ ಒಂದು ಮೀಟರ್ ಅಂತರ ಬೇಕು. ಅದಿಲ್ಲದ ತಗ್ಗು ಜಾಗವನ್ನು ಬೇಸಿಗೆಗೆ ಮೀಸಲಿಟ್ಟು, ಮಳೆಗಾಲಕ್ಕೆ ಎತ್ತರದ ಸಾಲನ್ನು ಉಳಿಸಿಕೊಳ್ಳಬೇಕು. ಉತ್ತರ ಕರ್ನಾಟಕದ ಎರೆಮಣ್ಣು ಮಳೆಯಲ್ಲಿ ನೀರು ಹಿಡಿದು ಅಂಟಾಗುತ್ತದೆ, ಬೇಸಿಗೆಯಲ್ಲಿ ಬಿರಿಯುತ್ತದೆ. ಅಲ್ಲಿ ಮುಚ್ಚುವ ಮಣ್ಣಿಗೆ ಮೂರರಲ್ಲೊಂದು ಪಾಲು ಗರಸು ಅಥವಾ ಮರಳು ಬೆರೆಸಬೇಕು, ಏಳರ ಬದಲು ಒಂಬತ್ತು ವರ್ಷ ಬಿಡಬೇಕು. ಎಲ್ಲ ಕಡೆಯೂ ದಿಬ್ಬವನ್ನು ಒಂದೂವರೆ ಅಡಿ ಎತ್ತರ ಕಟ್ಟಿ, ಯಾಕೆಂದರೆ ಮೊದಲ ಮಳೆಗಾಲದಲ್ಲಿ ಅದು ಕುಸಿದೇ ಕುಸಿಯುತ್ತದೆ. ಹೂಳಿದ ತಿಂಗಳಿಗೇ ಕಾಂಕ್ರೀಟ್ ಹಾಕಿಸಿದ ಗೋರಿಗಳೆಲ್ಲ ವರ್ಷದೊಳಗೆ ಬಿರುಕು ಬಿಟ್ಟು ಒಂದು ಕಡೆ ವಾಲುವುದು ಈ ಕಾರಣಕ್ಕೇ.

ಗ್ರಾನೈಟ್ ಬೇಡವೆಂದರೆ ಹೆಸರು ಅಳಿಸಿಹೋಗಬೇಕೆಂದೇನೂ ಅಲ್ಲ. ತಲೆಯ ಕಡೆ ಎರಡೂವರೆ ಅಡಿಯ ಮರದ ಶಿಲುಬೆ, ಪಕ್ಕದಲ್ಲಿ ಸಂಖ್ಯೆ ಕೊರೆದ ಒಂಬತ್ತಿಂಚಿನ ಕಲ್ಲು. ದಿಬ್ಬದ ಮೇಲೆ ಗರಿಕೆ, ನಿತ್ಯಪುಷ್ಪ, ಚೆಂಡುಹೂವು. ಕಾಂಪೌಂಡಿನ ಒಳಗೋಡೆಯಲ್ಲಿ ಆರಿಂಚಿಗೆ ಮೂರಿಂಚಿನ ಕಲ್ಲಿನ ಬಿಲ್ಲೆ, ಅದರಲ್ಲಿ ಹೆಸರು, ಹುಟ್ಟಿದ ಮತ್ತು ತೀರಿದ ವರ್ಷ. ಈ ಬಿಲ್ಲೆ ಶಾಶ್ವತ, ಗುಂಡಿ ಸರದಿಯದು. ಗ್ರಾನೈಟ್ ಕೆತ್ತುವವರಿಗೂ ಕೆಲಸ ಉಳಿಯುತ್ತದೆ.

ಏಳು ವರ್ಷದ ನಂತರ ಗುಂಡಿ ತೆರೆಯುವ ದಿನವನ್ನು ಮನೆಯವರಿಗೆ ತಿಂಗಳು ಮೊದಲೇ ತಿಳಿಸಬೇಕು. ಬಂದವರ ಮುಂದೆ ಧರ್ಮಗುರುಗಳೋ ಸಭಾಪಾಲಕರೋ ಒಂದು ಚಿಕ್ಕ ಪ್ರಾರ್ಥನೆ ನಡೆಸಬೇಕು. ಮೂಳೆಗಳನ್ನು ಕೈಯಿಂದಲೇ ಆಯ್ದು, ಬಿಳಿ ಹತ್ತಿ ಚೀಲದಲ್ಲಿ ಹಾಕಿ, ಅದೇ ಗುಂಡಿಯ ತಳದಲ್ಲಿ ಇನ್ನೊಂದಡಿ ಅಗೆದು ಇಡುವುದು ಒಂದು ಕ್ರಮ. ಗೋಡೆಯ ಅಸ್ಥಿಗೂಡಿನಲ್ಲಿ ಇಡುವುದು ಇನ್ನೊಂದು, ಮುಂಬಯಿಯ ಚರ್ಚುಗಳಲ್ಲಿ ಇದು ಹಳೆಯ ರೂಢಿ. ಗುದ್ದಲಿಯಿಂದ ಕೆದಕಿ ಮೂಲೆಗೆ ಒಟ್ಟುವುದು ಮಾತ್ರ ಸಲ್ಲದು. ಹೊಸ ದೇಹ ಮೇಲೆ ಬಂದಾಗ ಕೆಳಗಿರುವವರು ಯಾರೆಂದು ದಫ್ತರದಲ್ಲಿ ಬರೆದಿರಬೇಕು. ಈ ದಫ್ತರ ಸರಿಯಿಲ್ಲದ ಕಡೆಯೇ ಜಗಳಗಳಾಗುವುದು. ಗುಂಡಿಯ ಸಂಖ್ಯೆ, ಹೆಸರು, ಹೂಳಿದ ದಿನ, ಬಟ್ಟೆಯೋ ಪೆಟ್ಟಿಗೆಯೋ, ಫಾರ್ಮಾಲಿನ್ ಹಾಕಿತ್ತೋ ಇಲ್ಲವೋ, ತೆರೆಯಬಹುದಾದ ವರ್ಷ: ಈ ಆರು ಕಲಮು ಸಾಕು.

ಬಟ್ಟೆಯ ಕ್ರಮ ಎಲ್ಲರಿಗೂ ಒಗ್ಗುವುದಿಲ್ಲ. ಮರಣೋತ್ತರ ಪರೀಕ್ಷೆ ಆದ ದೇಹ, ಅಪಘಾತದ ದೇಹ, ನಾಲ್ಕಾರು ದಿನ ಕಾದ ದೇಹ, ಸೋಂಕಿನ ಕಾರಣ ವೈದ್ಯರು ಬೇಡವೆಂದ ದೇಹ, ಇವಕ್ಕೆ ಪೆಟ್ಟಿಗೆಯೇ ಬೇಕು. ಆಗಲೂ ಪಾಲಿಶ್ ಇಲ್ಲದ ಕಾಡುಮರದ ಪೆಟ್ಟಿಗೆ, ತಳದಲ್ಲಿ ಎರಡಿಂಚು ಮರದ ಹೊಟ್ಟು, ಮೇಲೆ ಹತ್ತಿ ಬಟ್ಟೆ. ಸ್ರಾವವನ್ನು ಹೊಟ್ಟು ಪ್ಲಾಸ್ಟಿಕ್ಕಿಗಿಂತ ಚೆನ್ನಾಗಿ ಹೀರುತ್ತದೆ, ಮಣ್ಣಿಗೂ ಸೇರುತ್ತದೆ. ಕೊಲ್ಲಿ ದೇಶಗಳಿಂದ ಮಂಗಳೂರು, ಬೆಂಗಳೂರು ವಿಮಾನ ನಿಲ್ದಾಣಕ್ಕೆ ಬರುವ ದೇಹಗಳಿಗೆ ಫಾರ್ಮಾಲಿನ್ ಹಾಕಿಯೇ ಇರುತ್ತಾರೆ, ಪೆಟ್ಟಿಗೆಯೊಳಗೆ ಕೆಲವೊಮ್ಮೆ ಸತುವಿನ ತಗಡೂ ಇರುತ್ತದೆ. ತಗಡು ಹಾಗೇ ಹೂತರೆ ಒಂದು ತಲೆಮಾರು ಆ ಗುಂಡಿಯ ಆಸೆ ಬಿಡಬೇಕು. ತೆರೆಯಬಾರದೆಂಬ ವೈದ್ಯಕೀಯ ಸೂಚನೆ ಇಲ್ಲದಿದ್ದರೆ, ಸ್ಮಶಾನದಲ್ಲಿ ಮುಚ್ಚಳ ತೆಗೆದು ಒಳಗಿನ ಪ್ಲಾಸ್ಟಿಕ್ಕನ್ನಾದರೂ ಬಿಚ್ಚಿ ಮರದ ಪೆಟ್ಟಿಗೆಗೆ ಬದಲಿಸಬೇಕು. ಇಂಥ ಗುಂಡಿಗಳಿಗೆ ಬೇರೆ ಸಾಲು ಮಾಡಿ ಹದಿನೈದು ವರ್ಷ ಬಿಡುವುದು ವಿವೇಕ.

ದಹನದ ಬಗ್ಗೆ ಇನ್ನೂ ಹಲವರಿಗೆ ಅಂಜಿಕೆ ಇದೆ. ಕಥೋಲಿಕ ಧರ್ಮಸಭೆ 1963ರಲ್ಲೇ ನಿಷೇಧ ತೆಗೆಯಿತು. 1983ರ ಧರ್ಮಸಭಾ ಕಾನೂನಿನಲ್ಲೂ, ಹೂಳುವುದೇ ಮೆಚ್ಚುಗೆಯ ಕ್ರಮ, ವಿಶ್ವಾಸಕ್ಕೆ ವಿರುದ್ಧವಾದ ಕಾರಣಕ್ಕಲ್ಲದಿದ್ದರೆ ದಹನಕ್ಕೆ ತಡೆಯಿಲ್ಲ ಎಂದಿದೆ. 2016ರ ಸೂಚನೆಯಂತೆ ಬೂದಿಯನ್ನು ಹೊಳೆಗೆ ಬಿಡುವಂತಿಲ್ಲ, ಮನೆಯಲ್ಲಿ ಇಟ್ಟುಕೊಳ್ಳುವಂತಿಲ್ಲ, ಪವಿತ್ರ ಸ್ಥಳದಲ್ಲಿಡಬೇಕು. 2023ರ ಡಿಸೆಂಬರಿನಲ್ಲಿ ಇದನ್ನು ತುಸು ಸಡಿಲಿಸಿ, ಬೂದಿಗಳನ್ನು ಒಂದೇ ಸಾಮೂಹಿಕ ಸ್ಥಳದಲ್ಲಿ ಬೆರೆಸಿಡಲು ಅವಕಾಶ ಕೊಟ್ಟಿತು. ಆರ್ಥೊಡಾಕ್ಸ್ ಸಂಪ್ರದಾಯದವರು ದಹನ ಒಪ್ಪುವುದಿಲ್ಲ, ಅವರವರ ನಂಬಿಕೆ ಅವರಿಗಿರಲಿ. ಆರಿಸಿಕೊಳ್ಳುವವರು ಗಮನಿಸಬೇಕಾದದ್ದು: ಎದೆಯಲ್ಲಿ ಪೇಸ್‌ಮೇಕರ್ ಇದ್ದರೆ ಮೊದಲೇ ತೆಗೆಸಬೇಕು, ಇಲ್ಲದಿದ್ದರೆ ಕುಲುಮೆಯಲ್ಲಿ ಸಿಡಿಯುತ್ತದೆ. ಬೂದಿ ಎರಡು ಮೂರು ಕಿಲೋ ಬರುತ್ತದೆ, ಒಂದಡಿಯ ಗೂಡು ಸಾಕು. ಇಪ್ಪತ್ತಡಿ ಉದ್ದ, ಆರಡಿ ಎತ್ತರದ ಗೋಡೆಯಲ್ಲಿ 120 ಗೂಡು.

ಜನ ಏನಂದಾರು ಎಂಬುದೇ ಎಲ್ಲಕ್ಕಿಂತ ದೊಡ್ಡ ಅಡ್ಡಿ. ಅಪ್ಪನಿಗೆ ಒಂದು ಪೆಟ್ಟಿಗೆಯನ್ನೂ ಕೊಡಿಸಲಿಲ್ಲ ಎಂಬ ಮಾತಿಗೆ ಹೆದರಿ ಕೂಲಿ ಮಾಡುವ ಮನೆಯವರು ಬಡ್ಡಿಗೆ ಸಾಲ ತರುತ್ತಾರೆ. ಬಡವರಷ್ಟೇ ಬಟ್ಟೆಯಲ್ಲಿ ಹೋಗುವಂತಾದರೆ ಈ ಪದ್ಧತಿ ಒಂದು ವರ್ಷವೂ ನಿಲ್ಲದು. ಆದ್ದರಿಂದ ಉಳ್ಳವರು ಮೊದಲು ಹೆಜ್ಜೆ ಇಡಬೇಕು, ಚರ್ಚು ಎಲ್ಲರಿಗೂ ಒಂದೇ ನಿಯಮ ಮಾಡಬೇಕು. ಪೋಪ್ ಫ್ರಾನ್ಸಿಸ್ ಇದನ್ನು ತಮ್ಮಿಂದಲೇ ಶುರುಮಾಡಿದರು. ಪೋಪರಿಗೆ ಸೈಪ್ರೆಸ್, ಸೀಸ, ಓಕ್ ಎಂದು ಒಂದರೊಳಗೊಂದು ಮೂರು ಪೆಟ್ಟಿಗೆ ಮಾಡುವ ಸಂಪ್ರದಾಯವನ್ನು 2024ರಲ್ಲಿ ತೆಗೆದು, ಸತುವಿನ ಒಳಪದರದ ಒಂದೇ ಮರದ ಪೆಟ್ಟಿಗೆ ಸಾಕೆಂದರು. ಸಮಾಧಿ ನೆಲದೊಳಗೆ ಇರಲಿ, ಸರಳವಾಗಿರಲಿ, ಅಲಂಕಾರ ಬೇಡ, ಹೆಸರು ಮಾತ್ರ ಸಾಕು ಎಂದು ಉಯಿಲು ಬರೆದರು. 2025ರ ಏಪ್ರಿಲ್ 26ರಂದು ಹಾಗೆಯೇ ಆಯಿತು. ಇತ್ತ ತಮಿಳುನಾಡಿನ ತಿರುಚಿರಾಪಳ್ಳಿಯ ಮೇಲಪುದೂರಿನ ಕ್ರೈಸ್ತ ಸ್ಮಶಾನದಲ್ಲಿ ದಲಿತರ ಗೋರಿಗಳನ್ನು ಬೇರ್ಪಡಿಸಲು ಗೋಡೆಯನ್ನೇ ಕಟ್ಟಿದ್ದರು. ದಾಸನೂ ಸ್ವತಂತ್ರನೂ ಕ್ರಿಸ್ತರಲ್ಲಿ ಒಂದೇ ಎಂದ ಸಂತ ಪೌಲರ ಪತ್ರವನ್ನು ಅದೇ ಚರ್ಚುಗಳಲ್ಲಿ ಓದುತ್ತೇವೆ. ಸರದಿಯ ಗುಂಡಿಯಲ್ಲಿ ಯಾರ ಮೂಳೆಯ ಮೇಲೆ ಯಾರ ದೇಹ ಬರುತ್ತದೆ ಎಂದು ಜಾತಿ ನೋಡಿ ಹೇಳಲಾಗದು. ಈ ಪದ್ಧತಿಯನ್ನು ಕೆಲವರು ಒಳಗೊಳಗೇ ವಿರೋಧಿಸುವುದು ಇದಕ್ಕೇ, ನಾವು ಇದನ್ನು ಗಟ್ಟಿಯಾಗಿ ಬಯಸಬೇಕಾದದ್ದೂ ಇದಕ್ಕೇ.

ಗ್ರಾನೈಟ್ ಇಲ್ಲದಿದ್ದರೆ ಪುನರುತ್ಥಾನದ ನಂಬಿಕೆ ಕಡಿಮೆಯಾದಂತೆ ಅಲ್ಲವೇ ಎಂದು ಕೇಳುವವರಿದ್ದಾರೆ. ಕೊರಿಂಥದವರಿಗೆ ಬರೆಯುವಾಗ ಸಂತ ಪೌಲರು ದೇಹವನ್ನು ಬಿತ್ತುವ ಬೀಜಕ್ಕೆ ಹೋಲಿಸುತ್ತಾರೆ. ಬೀಜವನ್ನು ಡಬ್ಬಿಯಲ್ಲಿ ಹಾಕಿ ಯಾರೂ ಬಿತ್ತುವುದಿಲ್ಲ. ಸಿಂಹಗಳ ಬಾಯಿಗೆ ಬಿದ್ದ, ಸಮುದ್ರದಲ್ಲಿ ಮುಳುಗಿದ ಹುತಾತ್ಮರನ್ನು ಎಬ್ಬಿಸುವ ದೇವರಿಗೆ ನಮ್ಮ ಪೆಟ್ಟಿಗೆಯ ನೆರವು ಬೇಕಿಲ್ಲ.

ಈ ನವೆಂಬರ್ 2ರೊಳಗೆ ಪ್ರತಿ ಚರ್ಚಿನ ಪಾಲನಾ ಸಮಿತಿ ಮಾಡಬಹುದಾದ ಕೆಲಸಗಳಿವೆ. ಪ್ಲಾಸ್ಟಿಕ್ ಹೂವು, ಥರ್ಮೊಕೋಲ್ ಹೂಚಕ್ರವನ್ನು ಗೇಟಿನಲ್ಲೇ ತಡೆಯುವುದು. ಹೊಸ ಶಾಶ್ವತ ಗೋರಿಗಳ ಅನುಮತಿ ನಿಲ್ಲಿಸುವುದು. ಒಂದು ಸಾಮೂಹಿಕ ಪೆಟ್ಟಿಗೆಗೆ ಬಡಗಿಯನ್ನು ಗೊತ್ತುಮಾಡುವುದು, ಹತ್ತು ಹೊದಿಕೆ ಹೊಲಿಸಿ ಬೀರುವಿನಲ್ಲಿಡುವುದು. ಸಾವಿನ ಮನೆಗೆ ಓಡಲು ನಾಲ್ಕು ಗಂಡಸರು, ನಾಲ್ಕು ಹೆಂಗಸರಿಗೆ ಬಟ್ಟೆ ಸುತ್ತುವುದನ್ನು ಕಲಿಸುವುದು. ಸತ್ತವರನ್ನು ಮಣ್ಣು ಮಾಡುವುದು ದಯಾಕಾರ್ಯಗಳಲ್ಲಿ ಒಂದೆಂದು ಮಕ್ಕಳಿಗೆ ಧರ್ಮೋಪದೇಶದಲ್ಲಿ ಕಲಿಸುತ್ತೇವೆ, ದೊಡ್ಡವರು ಕೈಯಾರೆ ಮಾಡುವುದನ್ನೂ ಅವರು ನೋಡಲಿ.

ಮನೆಗಳಲ್ಲಿ ಇನ್ನೊಂದು ಕೆಲಸ. ವಿದೇಶದಿಂದ ಬಂದಿಳಿದ ಮಗ ಒಂದು ಹೇಳುತ್ತಾನೆ, ಇಲ್ಲೇ ಇರುವ ಮಗಳು ಇನ್ನೊಂದು ಹೇಳುತ್ತಾಳೆ, ಗುಂಡಿಯ ಬಳಿಯೇ ವಾದ ಶುರುವಾಗುತ್ತದೆ. ಇದನ್ನು ತಪ್ಪಿಸಲು ಹಿರಿಯರು ಬದುಕಿರುವಾಗಲೇ ಒಂದು ಹಾಳೆಯಲ್ಲಿ ಸ್ವಂತ ಕೈಬರಹದಲ್ಲಿ ಬರೆದಿಡಬೇಕು: ನನ್ನನ್ನು ಹತ್ತಿ ಬಟ್ಟೆಯಲ್ಲಿ ಹೂಳಿ, ಫಾರ್ಮಾಲಿನ್, ಪ್ಲಾಸ್ಟಿಕ್, ಸಿಮೆಂಟು ಬೇಡ, ಏಳು ವರ್ಷದ ನಂತರ ಗುಂಡಿಯನ್ನು ಬೇರೆಯವರಿಗೆ ಕೊಡಲು ನನ್ನ ಒಪ್ಪಿಗೆ ಇದೆ. ಕೆಳಗೆ ತಮ್ಮ ಸಹಿ, ಮಕ್ಕಳೆಲ್ಲರ ಸಹಿ, ತಾರೀಖು. ಒಂದು ಪ್ರತಿ ಚರ್ಚಿನ ಕಚೇರಿಗೆ, ಇನ್ನೊಂದು ರೇಷನ್ ಕಾರ್ಡ್ ಇಡುವ ಜಾಗದಲ್ಲಿ.

ಇಂತಿ,
ಚರ್ಚ್ ಸ್ಮಶಾನದ ಕೆಲಸದಲ್ಲಿ ತೊಡಗಿರುವ ಓದುಗರು
ಬೆಂಗಳೂರು